ಕೈಗೆ ಕೊಟ್ಟ ಕಬ್ಬಿಣ

ನಳಿನಾಕ್ಷಿಯ ಮುಂದಿನ ಗತಿ ಏನು ಎಂಬುದು ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಗಂಡನಿಗೆ ಗೊತ್ತಿತ್ತು. ಮದುವೆಯಾಗಿ ಮೂರನೆಯ ವರ್ಷ, ಒಂದು ಮಧ್ಯಾಹ್ನ, ಅವನಿಗೆ ಅನ್ನ ಬಡಿಸುತ್ತಿದ್ದ ಅವಳ ಕೈ ಅರ್ಧದಲ್ಲೇ ನಿಂತಿತು. ಕಣ್ಣು ಗೋಡೆಗೆ ನೆಟ್ಟಿತು. ಬಾಯಿ ಇಲ್ಲದ್ದೇನನ್ನೋ ಜಗಿಯಿತು, ಬಲಗೈ ಸೆರಗನ್ನು ಹಿಸುಕತೊಡಗಿತು. ಒಂದೂವರೆ ನಿಮಿಷ. ಮುಗಿದ ಮೇಲೆ ಅವಳಿಗೆ ಏನೂ ನೆನಪಿರಲಿಲ್ಲ. ಗಂಡನಿಗೆ ಎಲ್ಲ ನೆನಪಿತ್ತು. ಅಂಥದ್ದು ಇನ್ನೂ ಎರಡು ಸಲ ಆದದ್ದೇ ತಡ, ಇವಳು ಇನ್ನು ಮನುಷ್ಯಳಾಗುವುದಿಲ್ಲ ಎಂದು ತೀರ್ಮಾನಿಸಿ, ಒಂದು ವರ್ಷದ ಮಗಳ ಸಮೇತ ವಾಮಂಜೂರಿನ ಅವಳ ಅಣ್ಣನ ಮನೆಯಲ್ಲಿ ಬಿಟ್ಟುಹೋದ. ಹೋಗುವಾಗ ಕಾಫಿ ಕುಡಿದೇ ಹೋದ.

ಅಣ್ಣ ಜಯನ ಹೆಂಡತಿಗೂ ಗೊತ್ತಿತ್ತು. ಒಲೆಯ ಹತ್ತಿರ ಬರಬೇಡ, ಬಾವಿಕಟ್ಟೆಯ ಹತ್ತಿರ ಹೋಗಬೇಡ, ನಾಳೆ ಏನಾದರೂ ಆದರೆ ಕೆಟ್ಟ ಹೆಸರು ನಮಗೆ ಎಂದಳು. ಪಾತ್ರೆ ತೊಳೆಯಬೇಡ ಎಂದು ಮಾತ್ರ ಹೇಳಲಿಲ್ಲ. ಪ್ರಶ್ನೆ ಇಟ್ಟ ಜೋಯಿಸರಿಗೆ ಕವಡೆ ಮುಟ್ಟುವ ಮೊದಲೇ ಗೊತ್ತಾಗಿತ್ತು. ಪಕ್ಕದ ಮನೆಯವರು ಇನ್ನೂ ಮುಂದೆ ಹೋಗಿ ಮಗು ಅನುಷ್ಕಾಳಿಗೂ ಇದು ಬಂದೇ ಬರುತ್ತದೆ ಎಂದು ಬೇಲಿಯಾಚೆಯಿಂದ ಕನಿಕರಪಟ್ಟರು.

ಗೊತ್ತಿಲ್ಲ ಎಂದವಳು ಒಬ್ಬಳೇ, ಡಾಕ್ಟರ್ ಮೆರ್ಲಿನ್. ನಾಲ್ಕು ವರ್ಷದ ಹಿಂದೆ, ಕವಡೆ, ಮಂತ್ರಿಸಿದ ನೂಲು ಎಲ್ಲ ಮುಗಿದ ಮೇಲೆ, ನಳಿನಾಕ್ಷಿ ಸರಕಾರಿ ಆಸ್ಪತ್ರೆಯ ಉದ್ದದ ಸಾಲಿನಲ್ಲಿ ನಿಂತು ಅವಳ ಎದುರು ಕೂತಿದ್ದಳು. ಮೆರ್ಲಿನ್ ಚಿಕ್ಕ ಪ್ರಾಯದವಳು. ಕೊಂಕಣಿ ಮನೆಮಾತಿನವಳು, ಕನ್ನಡವನ್ನು ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು.

"ಇದಕ್ಕೆ ಫೋಕಲ್ ಅಂತ ಹೇಳ್ತೇವೆ. ಮೆದುಳಿನ ಒಂದು ಮೂಲೆಯಿಂದ ಹೊರಡುವುದು. ಹೆಚ್ಚಿನವರಿಗೆ ಮದ್ದಿನಲ್ಲಿ ನಿಲ್ತದೆ. ಕೆಲವರಿಗೆ ಒಂದು ಮದ್ದು ಸಾಲುವುದಿಲ್ಲ, ಎರಡು ಬೇಕಾಗ್ತದೆ. ಇನ್ನು ಕೆಲವರಿಗೆ ಎಷ್ಟು ಕೊಟ್ರೂ ನಿಲ್ಲುವುದಿಲ್ಲ, ಆಗ ಆಪರೇಶನ್ ಆಗ್ತದಾ ಅಂತ ನೋಡ್ತೇವೆ. ನೀವು ಇದರಲ್ಲಿ ಯಾವ ಸಾಲಿನವರು ಅಂತ ಈಗಲೇ ಹೇಳ್ಲಿಕ್ಕೆ ನನಗೆ ಗೊತ್ತಿಲ್ಲ."

"ಸಾಯುವವರೆಗೆ ಮಾತ್ರೆ ತಿನ್ಬೇಕಾ ಡಾಕ್ಟ್ರೇ?"

"ಎರಡು ವರ್ಷ ಒಂದು ಸಲವೂ ಬಾರದಿದ್ರೆ ಪರೀಕ್ಷೆ ಮಾಡಿ, ಕಮ್ಮಿ ಮಾಡ್ಲಿಕ್ಕಾಗ್ತದಾ ನೋಡುವ. ಗ್ಯಾರಂಟಿ ಕೊಡುವುದಿಲ್ಲ. ಜೀವಮಾನ ಇಡೀ ಬೇಕಾದ್ರೂ ಎಂತ ಈಗ? ನನ್ನ ಅಪ್ಪ ಇಪ್ಪತ್ತು ವರ್ಷದಿಂದ ಬಿಪಿಗೆ ತಿನ್ತಾರೆ. ಅವರನ್ನು ಯಾರೂ ತವರುಮನೆಯಲ್ಲಿ ಬಿಟ್ಟು ಬರ್ಲಿಲ್ಲ."

ನಳಿನಾಕ್ಷಿಗೆ ಎಷ್ಟೋ ವರ್ಷಗಳ ಮೇಲೆ ನಗು ಬಂತು.

"ಕೆಲಸಕ್ಕೆ ಹೋಗಿ. ದಿನಕ್ಕೆ ಮೂರು ಮಾತ್ರೆ, ಹೊತ್ತು ತಪ್ಪಿಸ್ಬೇಡಿ, ನಿದ್ದೆ ಕೆಡಿಸ್ಬೇಡಿ. ಒಬ್ಬರೇ ಹೊಳೆಗೆ ಇಳಿಯಬೇಡಿ. ಇಷ್ಟೇ."

ಮೊದಲ ಮದ್ದು ಸಾಲಲಿಲ್ಲ. ಎರಡನೆಯದನ್ನೂ ಸೇರಿಸಿದ ಮೇಲೆ ನಿಂತಿತು. ಅನುಷ್ಕಾ ಅಡುಗೆಮನೆಯ ಬಾಗಿಲಿನ ಹಿಂದಿದ್ದ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಹಾಕತೊಡಗಿದಳು. ಗೆರೆಗಳು ಇಪ್ಪತ್ತೆರಡು ತಿಂಗಳು ದಾಟಿದವು. ಇನ್ನು ಎರಡೇ ತಿಂಗಳು.

ನಂತೂರಿನ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಗೇರುಬೀಜದ ಫ್ಯಾಕ್ಟರಿಯಲ್ಲಿ ಅವಳಿಗೆ ಹನ್ನೊಂದು ವರ್ಷ. ಮೊದಲ ಐದು ವರ್ಷ ಬೀಜ ಒಡೆಯುವ ಕಡೆ ಇದ್ದಳು. ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಡುತ್ತದೆ. ಬೂದಿ ಹಚ್ಚಿಕೊಂಡರೂ ಸುಡುತ್ತದೆ. ಬೆರಳಿನ ಚರ್ಮ ಎಷ್ಟು ಸಲ ಸುಲಿದು ಬಂತೆಂದರೆ, ಆಧಾರ್ ಮಾಡಿಸಲು ಹೋದಾಗ ಮಶೀನು ಅವಳ ಹೆಬ್ಬೆಟ್ಟನ್ನೇ ಒಪ್ಪಲಿಲ್ಲ. ಆಮೇಲೆ ಪೀಲಿಂಗ್ ಹಾಲ್‌ಗೆ ಹಾಕಿದರು. ಅಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಬಗ್ಗಿ ಕೂತು, ಸಣ್ಣ ಚೂರಿಯಿಂದ ತಿರುಳಿನ ಮೇಲಿನ ಕೆಂಪು ಸಿಪ್ಪೆ ಕೆರೆಯಬೇಕು. ತಿರುಳು ತುಂಡಾಗಬಾರದು. ಬೆನ್ನು ತುಂಡಾದರೆ ಅಡ್ಡಿಯಿಲ್ಲ.

ಹಾಲ್‌ನಲ್ಲಿ ನಲವತ್ತು ಹೆಂಗಸರು. ಅವರ ಮೇಲೆ ಸೂಪರ್‌ವೈಸರ್ ಮುಖೇಶ್. ಅವನ ಮೇಲೆ ಮ್ಯಾನೇಜರ್ ಲಯನೆಲ್. ನಳಿನಾಕ್ಷಿಗೆ ಕಾಯಿಲೆ ಇರುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲೆಲ್ಲ ಆಗೊಮ್ಮೆ ಈಗೊಮ್ಮೆ ಅವಳು ಕೂತಲ್ಲೇ ಗೋಡೆ ನೋಡುತ್ತ ನಿಂತುಹೋದಾಗ, ಪಕ್ಕದಲ್ಲಿ ಕೂರುವ ನಾಝಿಮಾ, "ನಳಿನಿಗೆ ಯೋಚನೆ ಜಾಸ್ತಿ" ಎನ್ನುತ್ತಿದ್ದಳು. ಮುಖೇಶ್ ಮಾತ್ರ, "ಇಲ್ಲಿಗೆ ನಿದ್ದೆ ಮಾಡ್ಲಿಕ್ಕೆ ಬರುವುದಾ?" ಎಂದು ಗದರುತ್ತಿದ್ದ. ಮದ್ದು ಹಿಡಿದ ಮೇಲೆ ಆ ಯೋಚನೆಯೂ ನಿದ್ದೆಯೂ ಎರಡೂ ನಿಂತವು.

ಮಧ್ಯಾಹ್ನದ ಮಾತ್ರೆಯನ್ನು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡು ತರುತ್ತಿದ್ದಳು. ಚೂರಿ, ಚೀಟಿ, ಬಸ್ಸಿನ ಚಿಲ್ಲರೆ ಎಲ್ಲಕ್ಕೂ ಅವಳಿಗೆ ಅದೇ ಜಾಗ. ಯಾರಾದರೂ ಕೇಳಿದರೆ ತಲೆನೋವಿಗೆ ಎನ್ನುತ್ತಿದ್ದಳು.

ಕಳೆದ ತಿಂಗಳು ಯಾವುದೋ ದೇಶದ ವ್ಯಾಪಾರಿಗೆ ಗೇರುಬೀಜದ ಡಬ್ಬಿಯಲ್ಲಿ ಮಾತ್ರೆಯ ಹಾಳೆಯ ಒಂದು ಚೂರು ಸಿಕ್ಕಿತಂತೆ. ಲಯನೆಲ್ ಮರುದಿನವೇ ನಲವತ್ತು ಜನರನ್ನೂ ಅಂಗಳದಲ್ಲಿ ನಿಲ್ಲಿಸಿದ.

"ಅಲ್ಲಿಯವರು ಇದನ್ನು ಆರೋಗ್ಯಕ್ಕೆ ಒಳ್ಳೇದು ಅಂತ ತಿನ್ನುವುದು, ಗೊತ್ತುಂಟಾ? ನಿಮ್ಮ ರೋಗ ಎಲ್ಲ ಅವರ ಬಾಯಿಗೆ ಹೋಗ್ಬಾರ್ದು. ಇವತ್ತಿನಿಂದ ಗೇಟಿನ ಒಳಗೆ ಒಂದು ಮಾತ್ರೆಯೂ ಬರ್ಬಾರ್ದು. ಯಾರಿಗಾದ್ರೂ ಕಾಯಿಲೆ ಉಂಟಾ? ಇದ್ದವರು ಕೈ ಎತ್ತಿ. ಗುಣ ಆಗುವವರೆಗೆ ಮನೆಯಲ್ಲಿ ಆರಾಮ ಮಾಡಿ."

ಒಂದು ಕೈಯೂ ಏಳಲಿಲ್ಲ. ಮನೆಯಲ್ಲಿ ಆರಾಮ ಮಾಡುವುದು ಎಂದರೆ ಏನೆಂದು ನಲವತ್ತು ಜನರಿಗೂ ತಿಳಿದಿತ್ತು. ಬೆನ್ನು ಬಾಗಿದವರು, ಕಾಲು ಊದಿದವರು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು, ಎಲ್ಲರೂ ಅಂದು ಗಟ್ಟಿಮುಟ್ಟಾಗಿ ನಿಂತರು. ಅಷ್ಟೊಂದು ಆರೋಗ್ಯವಂತರು ಮಂಗಳೂರಿನಲ್ಲಿ ಬೇರೆಲ್ಲೂ ಒಟ್ಟಿಗೆ ಸಿಗಲಿಕ್ಕಿಲ್ಲ. ಲಯನೆಲ್‌ಗೆ ಬಹಳ ಸಂತೋಷವಾಯಿತು.

ಅಂದಿನಿಂದ ಗೇಟಿನಲ್ಲಿ ಕಾವಲಿನ ನೆಲ್ಲಿಬಾಯಿ ಚೀಲ ತಡಕುತ್ತಿದ್ದಳು, ಬುತ್ತಿಯ ಮುಚ್ಚಳ ತೆಗೆಸುತ್ತಿದ್ದಳು. ಹಾಲ್‌ನಿಂದ ಊಟಕ್ಕೆ ಹೊರಬರುವಾಗ ಬೀಜ ಕದ್ದಿದ್ದಾರೋ ಎಂದು ಸೊಂಟ, ಸೆರಗು, ಸೀರೆಯ ಮಡಿಕೆ ತಡಕುವ ಹಳೆಯ ಪದ್ಧತಿ ಇದ್ದೇ ಇತ್ತು. ಬರುವಾಗ ರೋಗಿಗಳು, ಹೋಗುವಾಗ ಕಳ್ಳರು. ನಡುವೆ ಒಂದು ಕ್ಷಣವಾದರೂ ಮನುಷ್ಯರೆಂದು ಯಾರಿಗಾದರೂ ಕಂಡಿದ್ದರೆ ಅದು ಬರೀ ಕಣ್ತಪ್ಪು.

ನಳಿನಾಕ್ಷಿ ಮಾತ್ರೆಯನ್ನು ಬುತ್ತಿಯ ಅನ್ನದೊಳಗೆ ಹುಗಿದಳು. ಬೆಳಿಗ್ಗೆ ತುಂಬಿಸಿದ ಬಿಸಿ ಕುಚ್ಚಲಕ್ಕಿ ಅನ್ನ, ಮೇಲೆ ಮೀನಿನ ಸಾರು. ಮಧ್ಯಾಹ್ನ ಕೆದಕಿದರೆ ಕೆಲವು ದಿನ ಮಾತ್ರೆ ಸಿಗುತ್ತಿತ್ತು. ಕೆಲವು ದಿನ ಅರ್ಧ ಕರಗಿರುತ್ತಿತ್ತು. ಕೆಲವು ದಿನ ಏನೂ ಇರುತ್ತಿರಲಿಲ್ಲ, ತುತ್ತು ಕಹಿಯಾಗಿರುತ್ತಿತ್ತು ಅಷ್ಟೆ. ಹೋದದ್ದು ಹೊಟ್ಟೆಗೋ, ಬುತ್ತಿ ತೊಳೆದ ನೀರಿಗೋ ಯಾರು ಹೇಳಬೇಕು? ಒಂದು ಮಾತ್ರೆ ತಾನೇ ಎಂದುಕೊಂಡಳು.

ಹತ್ತೊಂಬತ್ತನೆಯ ದಿನ, ಹನ್ನೊಂದೂಮುಕ್ಕಾಲರ ಹೊತ್ತಿಗೆ, ಚೂರಿ ಅವಳ ಕೈಯಿಂದ ಜಾರಿ ಬಿತ್ತು. ಅವಳು ಕಂಡದ್ದು ಅದೊಂದೇ. ಮುಂದಿನದು ಉಳಿದವರು ಕಂಡದ್ದು. ಅವಳು ಎದ್ದು ನಿಂತಳು. ತಟ್ಟೆ ಮಗುಚಿ ತಿರುಳೆಲ್ಲ ನೆಲಕ್ಕೆ ಚೆಲ್ಲಿತು. ತುಟಿ ಚಪ್ಪರಿಸುತ್ತಿತ್ತು. ಬಲಗೈ ಸೀರೆಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿತ್ತು. ನಾಝಿಮಾ ಕರೆದರೆ ಕಿವಿಗೆ ಬೀಳಲಿಲ್ಲ.

"ಅಯ್ಯೋ, ಫಿಟ್ಸ್! ಕಬ್ಬಿಣ ಕೊಡಿ, ಕೈಗೆ ಕಬ್ಬಿಣ ಕೊಡಿ!" ಎಂದು ಮುಖೇಶ್ ಓಡಿ ಬಂದ.

ಅವನು ಬಿ.ಕಾಂ. ಕಲಿತವನು, ಇಂಗ್ಲಿಷಿನಲ್ಲಿ ಇಮೇಲ್ ಬರೆಯುವವನು. ಆದರೆ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕು ಎಂಬ ಅಜ್ಜಿಯ ಕಾಲದ ವಿದ್ಯೆ ಅವನಲ್ಲಿ ಭದ್ರವಾಗಿತ್ತು. ಸುತ್ತ ನೋಡಿದ. ಚೂರಿ ಕೊಡಲು ಭಯ. ತನ್ನ ಸೊಂಟದಲ್ಲಿದ್ದ ಗೋದಾಮಿನ ಕೀ ಗೊಂಚಲನ್ನು ಬಿಚ್ಚಿ ಅವಳ ಅಂಗೈಗೆ ತುರುಕಿ, ಬೆರಳುಗಳನ್ನು ಮಡಚಿ ಗಟ್ಟಿಯಾಗಿ ಒತ್ತಿದ. ಒಂದೂವರೆ ನಿಮಿಷದಲ್ಲಿ ಅದು ಬಂದ ಹಾಗೆಯೇ ಹೋಯಿತು. ತನ್ನ ಕಬ್ಬಿಣದಿಂದಲೇ ಹೋಯಿತೆಂದು ಮುಖೇಶ್ ಉಬ್ಬಿದ. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಚೆಲ್ಲಿದ ತಿರುಳನ್ನು ಹೆಕ್ಕಿಸಲು ಓಡಿದ.

ಕೀ ಗೊಂಚಲು ಅವಳ ಕೈಯಲ್ಲೇ ಉಳಿಯಿತು. ಅರ್ಧ ಗಂಟೆ ಅವಳ ತಲೆಯೊಳಗೆ ಮಂಜು ತುಂಬಿತ್ತು. ಆ ಮಂಜಿನಲ್ಲೇ ಕೈ ತನ್ನ ಅಭ್ಯಾಸದ ಕೆಲಸ ಮಾಡಿತು. ಸಿಕ್ಕಿದ್ದನ್ನು ಸೊಂಟಕ್ಕೆ ಸಿಕ್ಕಿಸಿತು.

ಹನ್ನೆರಡೂವರೆಗೆ ಊಟದ ಗಂಟೆ. ಅಷ್ಟರಲ್ಲಿ ಗೋದಾಮು ತೆರೆಯಲು ಕೀ ಇಲ್ಲವೆಂದು ಗುಲ್ಲೆದ್ದಿತ್ತು. ಹಾಲ್‌ನ ಬಾಗಿಲಲ್ಲಿ ಲಯನೆಲ್ ತಾನೇ ಬಂದು ನಿಂತಿದ್ದ. ನೆಲ್ಲಿಬಾಯಿಯ ಕೈ ನಳಿನಾಕ್ಷಿಯ ಸೊಂಟದಲ್ಲಿ ಗಟ್ಟಿಯಾದದ್ದಕ್ಕೆ ತಾಗಿತು. ಎಲ್ಲರ ಎದುರು ಸೀರೆಯ ಮಡಿಕೆ ಬಿಡಿಸಿ ಗೊಂಚಲನ್ನು ಎಳೆದಳು.

ಮುಖೇಶನಿಗೆ ಆಗ ಎಲ್ಲ ನೆನಪಾಯಿತು. ಅದು ಅವನ ಮುಖದಲ್ಲೇ ಕಂಡಿತು. ಆದರೆ ಗೋದಾಮಿನ ಕೀ ಅವನ ಸೊಂಟ ಬಿಟ್ಟು ಕದಲಬಾರದೆಂದು ಲಯನೆಲ್‌ನ ಅಪ್ಪಣೆ ಇತ್ತು. ಹಿಂದಿನ ಸೂಪರ್‌ವೈಸರ್ ಕೀಯನ್ನು ಮೇಜಿನ ಮೇಲೆ ಬಿಟ್ಟದ್ದಕ್ಕೇ ಕೆಲಸ ಕಳೆದುಕೊಂಡಿದ್ದ. ಮುಖೇಶ್ ಲಯನೆಲ್‌ನ ಕಡೆ ತಿರುಗಿದ.

"ಹಿಡಿಯಲಿಕ್ಕೆ ಹೋದಾಗ ನನ್ನ ಸೊಂಟದಿಂದ ಎಳೆದಿರ್ಬೇಕು ಸರ್. ನನಗೆ ಗೊತ್ತೇ ಆಗ್ಲಿಲ್ಲ."

ಮೂವತ್ತೊಂಬತ್ತು ಹೆಂಗಸರು ನೆಲ ನೋಡಿದರು. ನಳಿನಾಕ್ಷಿ ನಾಝಿಮಾಳ ಕಡೆ ನೋಡಿದಳು. ನಾಝಿಮಾ ತಲೆಯ ಮೇಲಿನ ಬಟ್ಟೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು.

ಆಫೀಸಿನಲ್ಲಿ ಲಯನೆಲ್ ಅವಳಿಗೆ ಕುರ್ಚಿ ತೋರಿಸಿದ. ಹನ್ನೊಂದು ವರ್ಷ ನೀನು ಎಂದವನು ಅಂದು ನೀವು ಎಂದ. ಅವಳು ಕುರ್ಚಿಯ ಅಂಚಿನಲ್ಲಿ ಕೂತಳು.

"ನೋಡಿ ನಳಿನಾಕ್ಷಿ, ಕೀ ನೀವು ತೆಗೆದ್ರಾ?"

"ನನಗೆ ನೆನಪಿಲ್ಲ ಸರ್."

"ನೆನಪಿಲ್ಲದವರು ಎಂತ ಬೇಕಾದ್ರೂ ಮಾಡ್ಬಹುದಲ್ಲ? ನಾಳೆ ಚೂರಿ ಹಾಕ್ತೀರಿ. ನಾನು ಮೊಬೈಲಲ್ಲಿ ನೋಡಿದೆ, ಈ ಕಾಯಿಲೆ ಮುಂದೆ ಮುಂದೆ ಜೋರಾಗ್ತಾ ಹೋಗ್ತದಂತೆ. ನಾನು ಪೊಲೀಸ್ ಸ್ಟೇಶನ್ ಎಲ್ಲ ಮಾಡುವ ಜನ ಅಲ್ಲ. ಇದರಲ್ಲೊಂದು ಸೈನ್ ಮಾಡಿ, ಮರ್ಯಾದೆಯಲ್ಲಿ ಹೋಗಿ. ನಾಳೆ ಬೆಳಿಗ್ಗೆ ತನ್ನಿ. ತರದಿದ್ರೆ ಕಳ್ಳತನದ ಕಂಪ್ಲೇಂಟು ಕೊಡ್ಬೇಕಾಗ್ತದೆ."

ಮೊಬೈಲಿನಲ್ಲಿ ಅವನು ನೋಡಿದ್ದು ಹತ್ತು ನಿಮಿಷ ಇರಬೇಕು. ಅಷ್ಟರಲ್ಲಿ ಅವಳ ಇಡೀ ಆಯುಷ್ಯ ಅವನಿಗೆ ಕಂಡುಬಿಟ್ಟಿತ್ತು.

ಕೆಲಸದ ಹೊತ್ತು ಮುಗಿದ ಮೇಲೆ ಬಸ್ ನಿಲ್ದಾಣದಲ್ಲಿ ಲಾರಿಗಳ ಧೂಳಿನ ನಡುವೆ ಅವಳು ಲಯನೆಲ್ ಕೊಟ್ಟ ಕಾಗದವನ್ನು ಓದಿದಳು. ಐದನೆಯ ಕ್ಲಾಸಿನ ಓದು, ನಿಧಾನವಾಗಿ ಓದಿದಳು. "ನನಗೆ ಮೂರ್ಛೆರೋಗವಿದ್ದು, ಮುಂದೆ ಗುಣವಾಗುವ ಸಾಧ್ಯತೆ ಇಲ್ಲದ ಕಾರಣ, ಸ್ವಇಚ್ಛೆಯಿಂದ ಕೆಲಸವನ್ನು ಬಿಡುತ್ತಿದ್ದೇನೆ." ಸೈನ್ ಮಾಡುವುದೆಂದೇ ಅವಳು ಎಣಿಸಿದ್ದಳು. ತಾನೇ ಕೀ ಕದ್ದಿರಬಹುದು. ಯಾರಿಗೆ ಗೊತ್ತು? ತನ್ನ ಬಾಳಿನ ಒಂದೂವರೆ ನಿಮಿಷ ತನಗೇ ಗೊತ್ತಿಲ್ಲ. ಅದನ್ನು ನೋಡಿದವರು ಹೇಳಿದ್ದೇ ಸತ್ಯ.

ನಾಝಿಮಾ ಬಂದು ಪಕ್ಕದಲ್ಲಿ ನಿಂತಳು.

"ನೀನು ಕದ್ದದ್ದಲ್ಲ ನಳಿನಿ. ಅವನೇ ಕೊಟ್ಟದ್ದು. ಕಬ್ಬಿಣ ಕಬ್ಬಿಣ ಅಂತ ಬೊಬ್ಬೆ ಹೊಡೆದು ಅವನೇ ನಿನ್ನ ಕೈಗೆ ಒತ್ತಿದ್ದು. ನಾವೆಲ್ಲ ನೋಡಿದ್ದೇವೆ."

ನಳಿನಾಕ್ಷಿ ಅವಳ ಮುಖವನ್ನೇ ನೋಡಿದಳು. "ನೋಡಿ ಮತ್ತೆ ಬಾಯಿಯಲ್ಲಿ ಎಂತ ಇಟ್ಕೊಂಡಿದ್ದಿ?"

ನಾಝಿಮಾ ತಲೆಬಟ್ಟೆಯ ಮಡಿಕೆಯೊಳಗೆ ಕೈಹಾಕಿ ಸಣ್ಣ ಪೊಟ್ಟಣವೊಂದನ್ನು ತೆಗೆದಳು. ಒಳಗೆ ಎರಡು ಮಾತ್ರೆ. "ಸಕ್ಕರೆ ಕಾಯಿಲೆ. ಆರು ವರ್ಷ ಆಯ್ತು. ಆಗ ಬಾಯಿ ಬಿಟ್ಟಿದ್ರೆ ನೆಲ್ಲಿಬಾಯಿ ನನ್ನನ್ನೂ ಬಿಚ್ಚಿ ನೋಡ್ತಿದ್ದಳು. ನನಗೊಬ್ಬಳಿಗೇ ಅಂತ ಎಣಿಸಿದ್ಯಾ? ಆ ಮೂಲೆಯ ರೇಚಲ್ ಮುಡಿಯಲ್ಲಿ ಬಿಪಿ ಮಾತ್ರೆ ತರ್ತಾಳೆ. ಒಬ್ಬೊಬ್ಬರದ್ದು ಒಂದೊಂದು ಕಡೆ."

"ನನ್ನದು ಅನ್ನದಲ್ಲಿ" ಎಂದಳು ನಳಿನಾಕ್ಷಿ. "ಕರಗಿ ಹೋಯ್ತು. ಅದಕ್ಕೇ ಬಂದದ್ದು." ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮುಖೇಶನ ಮೇಲೆ, ಲಯನೆಲ್‌ನ ಮೇಲೆ, ಅದಕ್ಕಿಂತ ಹೆಚ್ಚು ಮೂವತ್ತೊಂಬತ್ತು ಮುಚ್ಚಿದ ಬಾಯಿಗಳ ಮೇಲೆ. "ನಾಳೆಯೂ ನೆಲ ನೋಡಿ ನಿಲ್ಲು ಆಯ್ತಾ? ನೆಲದಲ್ಲಿ ಬೀಜ ಬಿದ್ದಿದ್ರೆ ಹೆಕ್ಕು" ಎಂದು ಬಸ್ಸು ಹತ್ತಿದಳು.

ಮನೆಯಲ್ಲಿ ಅನುಷ್ಕಾ ಪೆನ್ನು ಹಿಡಿದು ಕ್ಯಾಲೆಂಡರಿನ ಎದುರು ಕಾಯುತ್ತಿದ್ದಳು. "ಇವತ್ತು ಗೆರೆ ಬೇಡ" ಎಂದಳು ಅಮ್ಮ. ಹುಡುಗಿಗೆ ಅರ್ಥವಾಯಿತು. ಇಪ್ಪತ್ತೆರಡು ತಿಂಗಳು ನೆಲಕ್ಕೆ ಚೆಲ್ಲಿತ್ತು.

ಮರುದಿನ ಬೆಳಿಗ್ಗೆ ನಳಿನಾಕ್ಷಿ ಗೇಟಿಗೆ ಬಂದಳು. ಒಂದು ಕೈಯಲ್ಲಿ ಆ ಕಾಗದ. ಇನ್ನೊಂದು ಕೈಯಲ್ಲಿ, ಅಂಗೈ ತೆರೆದು, ಬೆಳ್ಳಗೆ ಹೊಳೆಯುವ ಮಾತ್ರೆಯ ಹಾಳೆ. ನೆಲ್ಲಿಬಾಯಿ ಅದನ್ನು ಕಂಡು ಹೌಹಾರಿದಳು.

"ಒಳಗಿಡು ಮಾರಾಯ್ತಿ, ಸರ್ ಅಲ್ಲೇ ನಿಂತಿದ್ದಾರೆ!"

"ನೋಡಲಿ."

ಲಯನೆಲ್ ಬಂದ. ಹಿಂದಿನಿಂದ ಮುಖೇಶ್. ಕೀ ಗೊಂಚಲಿಗೆ ಹೊಸ ಸರಪಳಿ ಬಿದ್ದಿತ್ತು, ಇನ್ನೊಬ್ಬರ ಕಾಯಿಲೆ ಅದನ್ನು ಎಳೆಯದ ಹಾಗೆ.

"ಸೈನ್ ಆಯ್ತಾ?"

"ಇದು ಬರೆದದ್ದು ಯಾವ ಡಾಕ್ಟ್ರು ಸರ್?"

"ಎಂತ?"

"ಮುಂದೆ ಗುಣ ಆಗುವುದಿಲ್ಲ ಅಂತ ಬರ್ದಿದ್ದೀರಿ. ನನ್ನ ಡಾಕ್ಟ್ರು ಏಳೆಂಟು ವರ್ಷ ಕಲಿತವರು, ಅವರಿಗೇ ಅದು ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯ್ತು? ಇಪ್ಪತ್ತೆರಡು ತಿಂಗಳು ನನಗೆ ಒಂದು ಸಲವೂ ಬರ್ಲಿಲ್ಲ. ಬಂದದ್ದು ನೀವು ಮಾಡಿದ ರೂಲ್‌ನಿಂದ. ಮಾತ್ರೆ ಗೇಟಿನಲ್ಲಿ ನಿಂತಿತು, ಫಿಟ್ಸ್ ಒಳಗೆ ಬಂತು."

ಲಯನೆಲ್‌ನ 'ನೀವು' ಅಲ್ಲಿಗೆ ಮುಗಿಯಿತು. "ನಾಲಗೆ ಉದ್ದ ಮಾಡ್ಬೇಡ. ಓದಲಿಕ್ಕೆ ಬರುವುದಿಲ್ಲ ಅಂತಾದ್ರೆ ಹೆಬ್ಬೆಟ್ಟು ಒತ್ತು."

ನಳಿನಾಕ್ಷಿ ಕಾಗದವನ್ನು ಕಂಕುಳಲ್ಲಿ ಸಿಕ್ಕಿಸಿ, ಬಲಗೈಯ ಹೆಬ್ಬೆರಳನ್ನು ಅವನ ಮೂಗಿನ ಎದುರು ಹಿಡಿದಳು. ಅದು ಬೋಳಾಗಿತ್ತು. ಒಂದೂ ಗೆರೆ ಇರಲಿಲ್ಲ.

"ಒತ್ತಿದ್ರೆ ಎಂತ ಬೀಳ್ತದೆ ಸರ್? ಇದರ ಗುರುತು ನಿಮ್ಮ ಬೀಜದ ಎಣ್ಣೆಗೆ ಹೋಗಿ ಎಷ್ಟು ಕಾಲ ಆಯ್ತು. ನಾನು ಸೈನ್ ಮಾಡುವುದಿಲ್ಲ. ಕಂಪ್ಲೇಂಟು ಕೊಡಿ. ಕೀ ನನ್ನ ಕೈಗೆ ಹೇಗೆ ಬಂತು ಅಂತ ಸ್ಟೇಶನ್‌ನಲ್ಲಿ ಮುಖೇಶಣ್ಣ ಹೇಳಲಿ."

ಮುಖೇಶ್ ಸರಪಳಿಯನ್ನು ನೋಡುತ್ತ ನಿಂತ. ಸಾಲಿನಲ್ಲಿ ಹಿಂದೆ ನಿಂತವರೂ ನೆಲ ನೋಡಿದರು. ಆಮೇಲೆ ನಾಝಿಮಾ ಮುಂದೆ ಬಂದಳು. ತಲೆಬಟ್ಟೆಯಿಂದ ಪೊಟ್ಟಣ ತೆಗೆದು ನೆಲ್ಲಿಬಾಯಿಯ ಮೇಜಿನ ಮೇಲೆ ಇಟ್ಟಳು.

"ಇದು ನನ್ನದು. ಸಕ್ಕರೆ. ಕೀ ಕೊಟ್ಟದ್ದು ಇವನೇ ಸರ್, ನಾನು ನೋಡಿದ್ದೇನೆ."

ರೇಚಲ್ ಮುಡಿ ಬಿಚ್ಚಿದಳು. ಹೂವಿನೊಳಗಿನಿಂದ ಎರಡು ಮಾತ್ರೆ ಬಿದ್ದವು. "ಬಿಪಿ. ನಾನೂ ನೋಡಿದ್ದೇನೆ." ಇನ್ನೊಬ್ಬಳು ರವಕೆಯಿಂದ ಥೈರಾಯ್ಡಿನದ್ದು ತೆಗೆದಳು. ಮತ್ತೊಬ್ಬಳು ಬುತ್ತಿಯ ತಳ ತಿರುಗಿಸಿ ಅಂಟಿಸಿದ ಪಟ್ಟಿ ಕಿತ್ತಳು, ಅದರೊಳಗೆ ಎದೆನೋವಿನದ್ದು. ಎಲ್ಲರೂ ಬರಲಿಲ್ಲ. ಹತ್ತು ಹನ್ನೆರಡು ಮಂದಿ ಕೊನೆಯವರೆಗೂ ತಮ್ಮ ಆರೋಗ್ಯವನ್ನು ಹಿಡಿದುಕೊಂಡೇ ನಿಂತರು. ಉಳಿದವರದ್ದರಿಂದಲೇ ಮೇಜು ತುಂಬಿತು. ಒಬ್ಬೊಬ್ಬರೂ ಮಾತ್ರೆ ಇಟ್ಟು, ನಾನೂ ನೋಡಿದ್ದೇನೆ ಎಂದು ಪಕ್ಕಕ್ಕೆ ಸರಿದರು.

ಲಯನೆಲ್ ಮೇಜನ್ನು ನೋಡಿದ. ತನ್ನ ಆರೋಗ್ಯವಂತ ಫ್ಯಾಕ್ಟರಿ ಅಲ್ಲಿ ಹರಡಿಕೊಂಡಿತ್ತು. ಗಡಿಯಾರ ನೋಡಿದ. ಶುಕ್ರವಾರಕ್ಕೆ ಕಂಟೇನರ್ ಬಂದರಿಗೆ ಮುಟ್ಟಬೇಕಿತ್ತು. ಇಷ್ಟು ಜನರನ್ನು ಆರಾಮ ಮಾಡಲು ಮನೆಗೆ ಕಳಿಸಿದರೆ ಸಿಪ್ಪೆ ಕೆರೆಯಲು ಅವನೂ ಮುಖೇಶನೂ ಕೂರಬೇಕಿತ್ತು.

"ಮುಖೇಶ್, ಆಫೀಸಿಗೆ ಬಾ" ಎಂದ. ಹೆಂಗಸರ ಕಡೆ ತಿರುಗದೆಯೇ, "ಒಳಗೆ ಹೋಗಿ, ಕೆಲಸ ಸುರುಮಾಡಿ. ಇದು ಇಲ್ಲಿಗೆ ಮುಗಿಯಲಿಲ್ಲ" ಎಂದ.

"ಇಲ್ಲ, ಮುಗಿಯಲಿಲ್ಲ" ಎಂದಳು ನಳಿನಾಕ್ಷಿ. ಮೇಜಿನಿಂದ ಒಬ್ಬೊಬ್ಬರೂ ತಮ್ಮ ತಮ್ಮದನ್ನು ಎತ್ತಿಕೊಂಡು, ಕೈಯಲ್ಲಿ ಹಿಡಿದೇ ಒಳಗೆ ನಡೆದರು. ನೆಲ್ಲಿಬಾಯಿ ಯಾರನ್ನೂ ತಡಕಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ನಳಿನಾಕ್ಷಿ ಎಲ್ಲರ ಎದುರು ಮಾತ್ರೆ ಬಿಡಿಸಿ, ನೀರು ಕುಡಿದು ನುಂಗಿದಳು. ಆಫೀಸಿನಲ್ಲಿ ಬೈಗುಳ ತಿಂದು ಬಂದ ಮುಖೇಶ್ ಅಲ್ಲೇ ಸುಳಿಯುತ್ತಿದ್ದ. ಅವಳು ಅವನನ್ನು ಕರೆದಳು.

"ಮುಖೇಶಣ್ಣ, ಇನ್ನೊಮ್ಮೆ ಬಂದ್ರೆ ಕಬ್ಬಿಣ ಕೊಡ್ಬೇಡ. ಕೈಯಲ್ಲಿದ್ದ ಚೂರಿ ತೆಗೆದಿಡು, ಹತ್ತಿರ ಕೂತು ಗಡಿಯಾರ ನೋಡು. ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ ಹಾಕು. ಅಷ್ಟು ಮಾಡ್ಲಿಕ್ಕಾಗ್ತದಾ?"

ಮುಖೇಶ್ ಮುಖ ತಗ್ಗಿಸಿ, ಸರಪಳಿಯನ್ನು ಬೆರಳಿಗೆ ಸುತ್ತುತ್ತ ಕೇಳಿದ. "ಇನ್ನೂ ಬರ್ತದಾ ಅದು?"

"ಬರ್ಬಹುದು, ಬಾರದೆಯೂ ಇರ್ಬಹುದು. ಡಾಕ್ಟ್ರಿಗೂ ಗೊತ್ತಿಲ್ಲ. ಬಂದ್ರೂ ನಾನು ಇಲ್ಲೇ ಇರ್ತೇನೆ. ನೀನು ಕೀ ಸರಿಯಾಗಿ ನೋಡ್ಕೊ."

ಅವಳು ಚೂರಿ ಎತ್ತಿಕೊಂಡಳು. ತಟ್ಟೆಯಲ್ಲಿ ಬೆಳಗಿನ ತಿರುಳು ಇನ್ನೂ ಅರ್ಧ ಬಾಕಿ ಇತ್ತು.